ಡಿಪ್ರೆಶನ್‌ಗೆ ಟಿಎಂಎಸ್: ಕುರ್ಚಿಯಲ್ಲಿ ಕೂತವರು, ಹೊರಗೆ ಕಾಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟಿಎಂಎಸ್ ಕೋಣೆಯಲ್ಲಿ ಯಂತ್ರ ನಡೆಸುವುದು ನನ್ನ ಕೆಲಸ. ಬಂದವರ ತಲೆಗೆ ಕಾಯಿಲ್ ಹೊಂದಿಸಿ, ಸಿಟ್ಟಿಂಗ್ ಮುಗಿಯುವವರೆಗೂ ಪಕ್ಕದಲ್ಲೇ ಇರುತ್ತೇನೆ. ಡಾಕ್ಟರ ಮುಂದೆ ಕೇಳಲು ಸಂಕೋಚಪಟ್ಟ ಪ್ರಶ್ನೆಗಳೆಲ್ಲ ಆ ಹೊತ್ತಿನಲ್ಲಿ ಹೊರಬರುತ್ತವೆ. ಹೊರಗೆ ಬೆಂಚಿನ ಮೇಲೆ ಕಾಯುವ ಮನೆಯವರದ್ದು ಇನ್ನೊಂದಿಷ್ಟು. ಚೀಟಿಯಲ್ಲಿ ಬರೆದು ತಂದವರೂ ಇದ್ದಾರೆ. ಹೆಚ್ಚು ಸಲ ಕಿವಿಗೆ ಬಿದ್ದವನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಇದನ್ನು ಓದಿಕೊಂಡು ಚಿಕಿತ್ಸೆ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಬೇಡ. ಆ ತೀರ್ಮಾನ ನಿಮ್ಮ ಮನೋವೈದ್ಯರ ಜೊತೆ ಕೂತು ಮಾಡುವಂಥದ್ದು.

## ಮೊಟ್ಟಮೊದಲು ಕೇಳುವವು

ಟಿಎಂಎಸ್ ಅಂದ್ರೆ ಏನು? ನನಗೆ ಅರ್ಥ ಆಗೋ ಹಾಗೆ ಹೇಳಿ.

ಪೂರ್ತಿ ಹೆಸರು ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್. ತಲೆಬುರುಡೆಯ ಹೊರಗಿನಿಂದಲೇ ಕಾಂತದ ಮಿಡಿತ ಕೊಟ್ಟು ಮೆದುಳಿನ ಒಂದು ಜಾಗವನ್ನು ಎಚ್ಚರಿಸುವುದು. ತಂತಿ ಸುತ್ತಿದ ಒಂದು ಕಾಯಿಲ್ ಇರುತ್ತದೆ. ಅದರಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಜೋರಾಗಿ ಕರೆಂಟು ಹರಿಸಿದರೆ ಸುತ್ತ ಕಾಂತಕ್ಷೇತ್ರ ಹುಟ್ಟಿ ಅಳಿಯುತ್ತದೆ. ಹೀಗೆ ಏರಿಳಿಯುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ಕರೆಂಟು ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಇಲ್ಲಿ ಪಕ್ಕದ ತಂತಿಯ ಜಾಗದಲ್ಲಿ ನಿಮ್ಮ ನರಕೋಶಗಳಿವೆ, ಅಷ್ಟೇ ವ್ಯತ್ಯಾಸ. ಹೊರಗಿನಿಂದ ಕೊಟ್ಟ ಕರೆಂಟಿಗೆ ತಲೆಬುರುಡೆ ಅಡ್ಡ ನಿಲ್ಲುತ್ತದೆ. ಕಾಂತಕ್ಕೆ ಅದು ಅಡ್ಡಿಯೇ ಅಲ್ಲ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಜೊತೆಗಾರರು ತಲೆಯ ಮೇಲೆ ಹೀಗೆ ಕಾಯಿಲ್ ಹಿಡಿದು, ಕೈಯನ್ನು ಮುಟ್ಟದೆಯೇ ಕೈ ಅಲುಗುವಂತೆ ಮಾಡಿ ತೋರಿಸಿದರು. ಡಿಪ್ರೆಶನ್‌ಗೆ ಇದನ್ನು ಬಳಸಲು ಅಮೆರಿಕದಲ್ಲಿ ಔಷಧ, ಉಪಕರಣಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೊದಲು ಒಪ್ಪಿಗೆ ಕೊಟ್ಟಿದ್ದು 2008ರಲ್ಲಿ.

ಇದು ಶಾಕ್ ಟ್ರೀಟ್‌ಮೆಂಟೇ ಅಲ್ವಾ? ಹೆಸರು ಬೇರೆ ಇಟ್ಟಿದ್ದೀರಿ ಅಷ್ಟೇ.

ಅಲ್ಲ. ಶಾಕ್ ಟ್ರೀಟ್‌ಮೆಂಟ್ ಎಂದು ಜನ ಕರೆಯುವ ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು ಮಲಗಿಸಿ, ವಿದ್ಯುತ್ತಿನಿಂದ ಬೇಕಂತಲೇ ಒಂದು ಫಿಟ್ಸ್ ಬರಿಸುತ್ತಾರೆ. ಅಲ್ಲಿ ಫಿಟ್ಸೇ ಮದ್ದು. ಟಿಎಂಎಸ್‌ನಲ್ಲಿ ಫಿಟ್ಸ್ ಬಂದರೆ ಅದು ಅವಘಡ. ಇಲ್ಲಿ ನೀವು ಎಚ್ಚರವಾಗಿರುತ್ತೀರಿ, ನನ್ನ ಜೊತೆ ಮಾತಾಡುತ್ತೀರಿ, ಸಾಕಪ್ಪಾ ಅನಿಸಿದರೆ ಕೈ ಎತ್ತಿ ನಿಲ್ಲಿಸುತ್ತೀರಿ.

ಹಾಗಂತ ಇಸಿಟಿಯನ್ನು ಕೆಟ್ಟದ್ದೆಂದು ದೂರ ಇಡಬೇಡಿ. ಅದರ ಮಾತು ಕೊನೆಯಲ್ಲಿ ಬರುತ್ತದೆ.

ಕಾಂತದ ಬಳೆ, ಕಾಂತದ ಹಾಸಿಗೆ ಮಾರ್ತಾರಲ್ಲ, ಅದೇ ತರಹದ್ದಾ?

ಸಂಬಂಧವೇ ಇಲ್ಲ. ಬಳೆಯ ಕಾಂತ ಸುಮ್ನೆ ಇದ್ದಲ್ಲೇ ಇರುತ್ತದೆ, ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಏರಿಳಿತ ಇಲ್ಲದೆ ನರದಲ್ಲಿ ಕರೆಂಟು ಹುಟ್ಟುವುದಿಲ್ಲ. ಟಿಎಂಎಸ್ ಕಾಯಿಲ್ ಹತ್ತಿರದ ಕಾಂತಕ್ಷೇತ್ರ ಸುಮಾರು 1.5ರಿಂದ 2 ಟೆಸ್ಲಾ, ಹೆಚ್ಚುಕಡಿಮೆ ಎಂಆರ್‌ಐ ಯಂತ್ರದಷ್ಟು. ಅದೂ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಎದ್ದು ಬಿದ್ದಿರುತ್ತದೆ.

ತಲೆಗೆ ಚುಚ್ಚುತ್ತಾರಾ? ಕೂದಲು ತೆಗೆಸಬೇಕಾ?

ಎರಡೂ ಇಲ್ಲ. ಕಿವಿಯೋಲೆ, ಹೇರ್‌ಪಿನ್ನು, ಕನ್ನಡಕ ತೆಗೆದಿಟ್ಟರೆ ಸಾಕು. ಮೊಬೈಲು, ಬ್ಯಾಂಕ್ ಕಾರ್ಡು ಕಾಯಿಲ್‌ನಿಂದ ದೂರ ಇರಲಿ.

ಮಾತ್ರೆ ತಗೊಳ್ಳೋಕೆ ಇಷ್ಟ ಇಲ್ಲ. ನೇರವಾಗಿ ಇದಕ್ಕೇ ಬರಬಹುದಾ?

ಸಾಮಾನ್ಯವಾಗಿ ಒಂದೆರಡು ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಗುಣ ಕಾಣದವರಿಗೆ ಇದನ್ನು ಹೇಳುತ್ತಾರೆ. ಮಾತ್ರೆಯ ಅಡ್ಡ ಪರಿಣಾಮ ತಡೆಯಲಾಗದವರಿಗೂ ಹೇಳುವುದುಂಟು. ‘ಸರಿಯಾದ ಪ್ರಮಾಣ, ಸಾಕಷ್ಟು ವಾರ’ ಎಂಬುದನ್ನು ಒತ್ತಿ ಹೇಳುತ್ತೇನೆ. ಹತ್ತು ದಿನ ನುಂಗಿ ಬಿಟ್ಟದ್ದನ್ನು ‘ಕೆಲಸ ಮಾಡಲಿಲ್ಲ’ ಎಂದು ಲೆಕ್ಕ ಹಿಡಿಯಲು ಬರುವುದಿಲ್ಲ.

ಮಾತ್ರೆ ಮೇಲೆ ಮಾತ್ರೆ ಬದಲಿಸುತ್ತಾ ಹೋದರೂ ಫಲ ಕುಗ್ಗುತ್ತದೆ. ಅಮೆರಿಕದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಮೊದಲ ಮಾತ್ರೆಯಲ್ಲಿ ಮೂವರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಂಡಿದ್ದರು. ಎರಡು ಸಲ ಸೋತು ಮೂರನೆಯದಕ್ಕೆ ಹೋದವರಲ್ಲಿ ಹಾಗೆ ಚೇತರಿಸಿಕೊಂಡವರು ನೂರಕ್ಕೆ 14 ಮಾತ್ರ. ಟಿಎಂಎಸ್ ಮಾತು ಬರುವುದು ಆ ಹೊತ್ತಿಗೆ.

## ಕುರ್ಚಿಯಲ್ಲಿ ಕೂತ ಮೇಲೆ

ಮೊದಲ ದಿನ ಏನೇನು ಮಾಡ್ತಾರೆ?

ಮೊದಲ ದಿನವೇ ಹೆಚ್ಚು ಹೊತ್ತು ಹಿಡಿಯುವುದು. ನಿಮ್ಮ ಮೆದುಳಿಗೆ ಎಷ್ಟು ಜೋರು ಬೇಕು ಎಂಬುದನ್ನು ಆ ದಿನ ಅಳೆಯಬೇಕು. ಅಳತೆಗೋಲು ನಿಮ್ಮ ಬಲಗೈಯ ಹೆಬ್ಬೆರಳು.

ಬಲಗೈಯನ್ನು ದಿಂಬಿನ ಮೇಲೆ ಸಡಿಲವಾಗಿ ಇಡಲು ಹೇಳುತ್ತೇವೆ. ಕೈ ಆಡಿಸುವ ಜಾಗ ಮೆದುಳಿನ ಎಡಭಾಗದಲ್ಲಿ, ಕಿವಿಗೂ ನಡುನೆತ್ತಿಗೂ ನಡುವೆ ಇದೆ. ಅಲ್ಲಿ ಕಾಯಿಲ್ ಇಟ್ಟು ಒಂದೊಂದೇ ಮಿಡಿತ ಕೊಡುತ್ತೇವೆ. ಟಕ್. ಏನೂ ಇಲ್ಲ. ಬೆರಳಗಲ ಸರಿಸುತ್ತೇವೆ. ಟಕ್. ತೋರುಬೆರಳು ಅಲುಗುತ್ತದೆ. ಇನ್ನೊಂಚೂರು ಸರಿಸುತ್ತೇವೆ. ಟಕ್. ಹೆಬ್ಬೆರಳು ಯಾರೋ ದಾರ ಕಟ್ಟಿ ಎಳೆದ ಹಾಗೆ ಒಳಕ್ಕೆ ಜಿಗಿಯುತ್ತದೆ. ಈ ಕ್ಷಣದಲ್ಲಿ ನಗದವರನ್ನು ನಾನು ಕಂಡಿದ್ದು ಕಡಿಮೆ. ತಿಂಗಳುಗಟ್ಟಲೆ ನಕ್ಕಿರದವರೂ ತಮ್ಮ ಬೆರಳನ್ನೇ ನೋಡಿ ‘ನಾನು ಮಾಡಿದ್ದಲ್ಲ!’ ಅನ್ನುತ್ತಾರೆ.

ಆಮೇಲೆ ಜೋರು ಇಳಿಸುತ್ತಾ ಬರುತ್ತೇವೆ. ಹತ್ತು ಮಿಡಿತಕ್ಕೆ ಐದು ಸಲ ಮಾತ್ರ ಬೆರಳು ಅಲುಗುವ ಮಟ್ಟ ಸಿಗುತ್ತದೆ. ಅದಕ್ಕೆ ಮೋಟಾರ್ ಥ್ರೆಶೋಲ್ಡ್ ಎನ್ನುತ್ತಾರೆ. ಅದು ಒಬ್ಬೊಬ್ಬರಿಗೆ ಒಂದೊಂದು. ಚಿಕಿತ್ಸೆಯ ಮಿಡಿತವನ್ನು ಸಾಮಾನ್ಯವಾಗಿ ಅದರ 120 ಶೇಕಡಾಕ್ಕೆ ಇಟ್ಟು, ಕಾಯಿಲ್ ಅನ್ನು ಎಡಹಣೆಯ ಮೇಲ್ಭಾಗಕ್ಕೆ ತರುತ್ತೇವೆ. ನಿಜವಾದ ಸಿಟ್ಟಿಂಗ್ ಅಲ್ಲಿಂದ ಶುರು.

ನೋವಾಗುತ್ತಾ? ನಿಜ ಹೇಳಿ.

ಮೊದಲ ವಾರ ಹಲವರಿಗೆ ಆಗುತ್ತದೆ. ಪೆನ್ಸಿಲ್ ತುದಿಯಿಂದ ಒಂದೇ ಜಾಗಕ್ಕೆ ಬಡಬಡ ಬಡಿದ ಹಾಗೆ, ಮರಕುಟಿಗ ಕೂತ ಹಾಗೆ ಎಂದು ಹೇಳುತ್ತಾರೆ. ಹುಬ್ಬು ಅದುರುತ್ತದೆ, ಒಮ್ಮೊಮ್ಮೆ ಹಲ್ಲಿಗೂ ಜುಮ್ಮೆನ್ನುತ್ತದೆ. ಮಿಡಿತ ಮೆದುಳಿಗೆ ಹೋಗುವ ದಾರಿಯಲ್ಲಿ ನೆತ್ತಿಯ ಚರ್ಮದ ನರ, ಸ್ನಾಯುಗಳನ್ನೂ ತಟ್ಟುವುದರಿಂದ ಹೀಗೆ. ಮೆದುಳಿಗೆ ಮಾತ್ರ ನೋವು ತಿಳಿಯುವುದಿಲ್ಲ.

ತಲೆನೋವು ಬಂದರೆ ಮಾಮೂಲಿ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಕಾಯಿಲ್ ಕೋನವನ್ನು ಒಂಚೂರು ತಿರುಗಿಸಿದರೂ ನೋವು ಅರ್ಧಕ್ಕಿಳಿಯುವುದುಂಟು, ಅದಕ್ಕೇ ಬಾಯಿ ಬಿಟ್ಟು ಹೇಳಿ. ಹಲ್ಲು ಕಚ್ಚಿಕೊಂಡು ಕೂತರೆ ಯಾರೂ ಬಹುಮಾನ ಕೊಡುವುದಿಲ್ಲ. ಸದ್ದು ಜಾಸ್ತಿ, ಆದ್ದರಿಂದ ಕಿವಿಗೆ ಇಯರ್‌ಪ್ಲಗ್ ಕಡ್ಡಾಯ.

ಎಷ್ಟು ದಿನ ಬರಬೇಕು? ಒಂದು ಸಲಕ್ಕೆ ಎಷ್ಟು ಹೊತ್ತು?

ವಾರಕ್ಕೆ 5 ದಿನ, 4ರಿಂದ 6 ವಾರ. ಹಳೆಯ ಕ್ರಮದಲ್ಲಿ ಸೆಕೆಂಡಿಗೆ 10ರಂತೆ 4 ಸೆಕೆಂಡು ಮಿಡಿತ, 26 ಸೆಕೆಂಡು ಬಿಡುವು. ಹೀಗೆ 3,000 ಮಿಡಿತ ಮುಗಿಯಲು ಮೂವತ್ತೇಳೂವರೆ ನಿಮಿಷ ಬೇಕು. ಬಿಡುವನ್ನು ಕಡಿಮೆ ಮಾಡಿ 20 ನಿಮಿಷದೊಳಗೆ ಮುಗಿಸುವ ಕ್ರಮವೂ ಇದೆ.

ನನ್ನ ಅನುಭವದಲ್ಲಿ ಜನರಿಗೆ ಕಷ್ಟವಾಗುವುದು ಮಿಡಿತ ಅಲ್ಲ, ದಿನಾ ಎದ್ದು ಬರುವುದು. ಹಾಸಿಗೆಯಿಂದ ಏಳುವುದೇ ದೊಡ್ಡ ಕೆಲಸ ಆಗಿರುವವರಿಗೆ ಆರು ವಾರ ದಿನಾ ಹೊರಡಿ ಎನ್ನುತ್ತೇವೆ ನೋಡಿ. ಮನೆಯವರು ಸಹಾಯ ಮಾಡಬೇಕಾದದ್ದು ಇಲ್ಲೇ. ‘ಇವತ್ತು ಹೇಗನಿಸ್ತಿದೆ’ ಎಂದು ಕೇಳುವುದಕ್ಕಿಂತ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಉಪಕಾರ.

ಒಂದು ದಿನ ತಪ್ಪಿದ್ರೆ ಮೊದಲಿಂದ ಶುರು ಮಾಡಬೇಕಾ?

ಬೇಡ. ಮುಂದಕ್ಕೆ ಸೇರಿಸಿಕೊಳ್ಳುತ್ತೇವೆ. ಆದರೆ ವಾರಗಟ್ಟಲೆ ಬಿಟ್ಟು ಬಿಟ್ಟು ಬಂದರೆ ಪ್ರಯೋಜನ ಕಡಿಮೆ.

ಮುಗಿದ ಮೇಲೆ ಗಾಡಿ ಓಡಿಸಬಹುದಾ?

ಓಡಿಸಬಹುದು. ಅರಿವಳಿಕೆ ಇಲ್ಲ, ಮಂಪರು ಇಲ್ಲ. ತುಂಬಾ ಜನ ಇಲ್ಲಿಂದ ನೇರ ಕೆಲಸಕ್ಕೆ ಹೋಗುತ್ತಾರೆ. ಮೊದಲ ಒಂದೆರಡು ಸಲ ಮಾತ್ರ ಜೊತೆಗೆ ಯಾರಾದರೂ ಇದ್ದರೆ ಧೈರ್ಯ.

## ಭಯಪಟ್ಟು ಕೇಳುವವು

ಫಿಟ್ಸ್ ಬರುತ್ತಂತೆ, ಹೌದಾ?

ಬರಬಹುದು, ಆದರೆ ತೀರಾ ಅಪರೂಪ. ಸುರಕ್ಷತೆಯ ನಿಯಮ ಪಾಲಿಸಿದರೆ ಹತ್ತು ಸಾವಿರ ಸಿಟ್ಟಿಂಗ್‌ಗೆ ಒಂದಕ್ಕಿಂತ ಕಡಿಮೆ. ಬಂದರೂ ಸಾಮಾನ್ಯವಾಗಿ ಮಿಡಿತ ಕೊಡುತ್ತಿರುವಾಗಲೇ ಬಂದು, ತಾನಾಗಿ ನಿಲ್ಲುತ್ತದೆ. ಅದಕ್ಕಾಗಿಯೇ ಯಂತ್ರ ಓಡುತ್ತಿರುವಾಗ ನಾನು ಕೋಣೆ ಬಿಟ್ಟು ಹೋಗುವುದಿಲ್ಲ.

ದಿನಾ ಶುರು ಮಾಡುವ ಮುಂಚೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ರಾತ್ರಿ ನಿದ್ದೆ ಬಂತಾ? ಕುಡಿದಿದ್ದೀರಾ? ಯಾವುದಾದರೂ ಮಾತ್ರೆ ಶುರುವಾಯಿತಾ, ನಿಂತಿತಾ, ಬದಲಾಯಿತಾ? ಕೆಲವರಿಗೆ ಬೇಜಾರು, ‘ದಿನಾ ಅದೇ ಕೇಳ್ತೀರಲ್ಲ’ ಅಂತ. ನಿದ್ದೆಗೆಟ್ಟಿದ್ದರೆ, ಮದ್ಯ ಒಳಗಿದ್ದರೆ ಅಥವಾ ದಿನಾ ಕುಡಿಯುವುದನ್ನು ಹಠಾತ್ತನೆ ಬಿಟ್ಟಿದ್ದರೆ, ಕೆಲವು ಮಾತ್ರೆ ಬದಲಾದರೆ ಫಿಟ್ಸ್ ಬರುವ ಸಾಧ್ಯತೆ ಏರುತ್ತದೆ. ದಯವಿಟ್ಟು ಸುಳ್ಳು ಹೇಳಬೇಡಿ. ಒಂದು ದಿನ ಮುಂದಕ್ಕೆ ಹಾಕಿದರೆ ಏನೂ ಕೆಡುವುದಿಲ್ಲ.

ನನಗೆ ಹಲ್ಲಿಗೆ ಸಿಮೆಂಟು, ಕಾಲಿಗೆ ರಾಡು ಹಾಕಿದ್ದಾರೆ. ಪೇಸ್‌ಮೇಕರ್ ಇದ್ದವರಿಗೆ?

ಹಲ್ಲಿನ ಸಿಮೆಂಟು, ಕ್ಯಾಪು, ಕಾಲಿನ ರಾಡು ತೊಂದರೆ ಇಲ್ಲ. ಪ್ರಶ್ನೆ ಬರುವುದು ತಲೆ ಮತ್ತು ಅದರ ಹತ್ತಿರದ ಲೋಹದ್ದು. ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಮೆದುಳಿನೊಳಗಿನ ಎಲೆಕ್ಟ್ರೋಡ್, ತಲೆಯಲ್ಲಿ ಉಳಿದ ಲೋಹದ ಚೂರು ಇದ್ದವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಲೋಹ ಸರಿಯಬಹುದು, ಬಿಸಿಯಾಗಬಹುದು, ಉಪಕರಣ ಕೆಡಬಹುದು. ಪೇಸ್‌ಮೇಕರ್ ಇದ್ದರೆ ಹೃದಯದ ಡಾಕ್ಟರನ್ನೂ ಕೇಳಿಯೇ ತೀರ್ಮಾನ. ಎಂದೋ ಆದ ಆಪರೇಶನ್ ಮರೆತುಹೋಗಿರುತ್ತದೆ, ಅದಕ್ಕೇ ಹಳೆಯ ಫೈಲು ತನ್ನಿ ಎನ್ನುತ್ತೇವೆ.

ಮರೆವು ಬರುತ್ತಾ? ನನ್ನ ಸ್ವಭಾವ ಬದಲಾಗಿಬಿಟ್ರೆ?

ನೆನಪು ಹೋಗುವುದು ಟಿಎಂಎಸ್‌ನಲ್ಲಿ ಕಂಡುಬಂದಿಲ್ಲ. ಸ್ವಭಾವದ ಬಗ್ಗೆ ಒಬ್ಬ ಹುಡುಗಿ ಕೇಳಿದ್ದು ನೆನಪಿದೆ: ‘ಇದು ನನ್ನನ್ನ ಸುಮ್‌ಸುಮ್ನೆ ಖುಷಿಯಾಗಿರೋ ಹಾಗೆ ಮಾಡುತ್ತಾ?’ ಇಲ್ಲ. ದುಃಖದ ಸಂಗತಿಗೆ ದುಃಖ ಆಗಿಯೇ ಆಗುತ್ತದೆ. ಬೈಪೋಲಾರ್ (ಒಮ್ಮೆ ಡಿಪ್ರೆಶನ್, ಒಮ್ಮೆ ಅತಿಯಾದ ಉತ್ಸಾಹದ ಉನ್ಮಾದ ಬರುವ ಕಾಯಿಲೆ) ಇದ್ದವರಿಗೆ ಮಾತ್ರ ಅಪರೂಪಕ್ಕೆ ಉನ್ಮಾದದ ಕಡೆಗೆ ತಿರುಗಬಹುದು. ಮನೆಯಲ್ಲಿ ಯಾರಿಗಾದರೂ ಅದು ಇದ್ದರೆ ಮೊದಲೇ ಹೇಳಿ.

ಗರ್ಭಿಣಿಗೆ ಮಾಡಬಹುದಾ? ಹದಿನಾರು ವರ್ಷದ ಮಗನಿಗೆ?

ಕಾಯಿಲ್‌ನಿಂದ ದೂರ ಹೋದಂತೆ ಕಾಂತಕ್ಷೇತ್ರ ಬೇಗ ಬಲ ಕಳೆದುಕೊಳ್ಳುತ್ತದೆ. ಮಾಮೂಲಿ ಕಾಯಿಲ್ ಮೆದುಳಿನೊಳಗೇ ಎರಡು ಮೂರು ಸೆಂಟಿಮೀಟರ್ ಆಚೆ ಹೋಗುವುದಿಲ್ಲ, ಹೊಟ್ಟೆಯ ಮಾತೆಲ್ಲಿ. ಗರ್ಭಿಣಿಯರಲ್ಲಿ ಆದ ಅಧ್ಯಯನಗಳು ಚಿಕ್ಕವು, ಅವುಗಳಲ್ಲಿ ಮಗುವಿಗೆ ಹಾನಿ ಕಂಡಿಲ್ಲ. ಒಬ್ಬೊಬ್ಬರ ಸ್ಥಿತಿ ನೋಡಿ ಡಾಕ್ಟರು ಹೇಳಬೇಕು. 15 ವರ್ಷದ ಮೇಲ್ಪಟ್ಟ ಮಕ್ಕಳಿಗೆ ಬೇರೆ ಚಿಕಿತ್ಸೆಯ ಜೊತೆಗೆ ಬಳಸಲು ಎಫ್‌ಡಿಎ 2024ರಲ್ಲಿ ಒಂದು ಯಂತ್ರಕ್ಕೆ ಒಪ್ಪಿಗೆ ಕೊಟ್ಟಿದೆ.

## ಗುಣ ಆಗುತ್ತದೋ ಇಲ್ಲವೋ

ಗ್ಯಾರಂಟಿ ಇದೆಯಾ?

ಇಲ್ಲ. ಗ್ಯಾರಂಟಿ ಕೊಡುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಲೆಕ್ಕ ಎರಡು ಬಗೆ ಇದೆ, ಜಾಹೀರಾತಿನಲ್ಲಿ ಒಂದೇ ಕಾಣುತ್ತದೆ. 2012ರಲ್ಲಿ ಅಮೆರಿಕದ 42 ಕ್ಲಿನಿಕ್‌ಗಳಲ್ಲಿ ಮಾಮೂಲಿ ಚಿಕಿತ್ಸೆಗೆ ಬಂದ 307 ಜನರ ಲೆಕ್ಕ ಪ್ರಕಟವಾಯಿತು. ಡಾಕ್ಟರುಗಳ ಅಂದಾಜಿನಲ್ಲಿ ನೂರಕ್ಕೆ 58 ಜನರಿಗೆ ಚೆನ್ನಾಗಿ ಸುಧಾರಣೆ ಆಗಿತ್ತು, 37 ಜನ ಕಾಯಿಲೆಯಿಂದ ಪೂರ್ತಿ ಹೊರಬಂದಿದ್ದರು. ಇಲ್ಲಿ ಎಲ್ಲರಿಗೂ ತಾವು ನಿಜವಾದ ಚಿಕಿತ್ಸೆ ಪಡೆಯುತ್ತಿದ್ದೇವೆಂದು ಗೊತ್ತಿತ್ತು. ಗೊತ್ತಿಲ್ಲದ ಹಾಗೆ, ನಕಲಿ ಕಾಯಿಲ್ ಜೊತೆ ಹೋಲಿಸಿದ 29 ಪ್ರಯೋಗಗಳನ್ನು 2014ರಲ್ಲಿ ಒಟ್ಟು ಮಾಡಿ ನೋಡಿದಾಗ ಸುಧಾರಿಸಿದವರು ನೂರಕ್ಕೆ ಸುಮಾರು 29. ನಕಲಿ ಪಡೆದವರಲ್ಲಿ 10.

ಎರಡೂ ನಿಜ. ಹೋಲಿಕೆಯ ಪ್ರಯೋಗದಲ್ಲಿ ಕಾಂತದ್ದೇ ಎಷ್ಟು ಪಾಲು ಎಂದು ತಿಳಿಯುತ್ತದೆ. ಕ್ಲಿನಿಕ್ ಲೆಕ್ಕದಲ್ಲಿ ದಿನಾ ಎದ್ದು ಬರುವುದು, ಒಬ್ಬರು ಪಕ್ಕದಲ್ಲಿ ಕೂತು ಮಾತಾಡುವುದು, ಆಸೆ ಇಟ್ಟುಕೊಳ್ಳುವುದು ಎಲ್ಲ ಸೇರಿರುತ್ತದೆ. ನನ್ನನ್ನು ಕೇಳಿದರೆ, ಇಬ್ಬರಲ್ಲಿ ಒಬ್ಬರಿಗೆ ಪ್ರಯೋಜನ ಆಗಬಹುದು ಎಂದುಕೊಂಡು ಬನ್ನಿ, ಅದಕ್ಕಿಂತ ಜಾಸ್ತಿ ಬೇಡ.

ಹತ್ತು ಸಿಟ್ಟಿಂಗ್ ಆಯ್ತು, ಏನೂ ಅನಿಸ್ತಿಲ್ಲ. ನಿಲ್ಲಿಸಿಬಿಡ್ಲಾ?

ಈ ಪ್ರಶ್ನೆ ಎರಡನೇ ವಾರದ ಕೊನೆಗೆ ತಪ್ಪದೆ ಬರುತ್ತದೆ. ನಿಲ್ಲಿಸಬೇಡಿ. ಎಷ್ಟೋ ಜನರಿಗೆ ಮೂರನೇ ನಾಲ್ಕನೇ ವಾರದಲ್ಲಿ ಬದಲಾವಣೆ ಶುರುವಾಗುತ್ತದೆ. ಕೆಲವರಿಗೆ ಇನ್ನೂ ತಡ.

ಇನ್ನೊಂದು ಮಾತು. ಬದಲಾವಣೆ ಮೊದಲು ಕಾಣುವುದು ಬೇರೆಯವರಿಗೆ. ಒಬ್ಬರು ಮಧ್ಯವಯಸ್ಸಿನವರು 17ನೇ ದಿನವೂ ‘ಏನೂ ಇಲ್ಲ’ ಎಂದರು. ಹೊರಗೆ ಕೂತಿದ್ದ ಅವರ ಹೆಂಡತಿ, ‘ನಿನ್ನೆ ಪೇಪರ್ ಓದ್ತಾ ಯಾರನ್ನೋ ಬೈದ್ರು, ಎಷ್ಟು ತಿಂಗಳಾಗಿತ್ತು ಗೊತ್ತಾ’ ಎಂದರು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಮನಸ್ಸು ಹಗುರಾಗುವ ಮುಂಚೆ ಇಂಥವು ಬರುತ್ತವೆ: ಸ್ನಾನ ಬೇಗ ಮುಗಿಯುವುದು, ಫೋನ್ ಎತ್ತುವುದು, ಊಟಕ್ಕೆ ಉಪ್ಪು ಕಮ್ಮಿ ಎನ್ನುವುದು.

ಇದು ಬರೀ ಮನಸ್ಸಿನ ಭ್ರಮೆ ಅಲ್ವಾ? ದೊಡ್ಡ ಯಂತ್ರ ನೋಡಿದ್ರೆ ಯಾರಿಗಾದ್ರೂ ವಾಸಿ ಅನ್ಸುತ್ತೆ.

ಒಳ್ಳೆಯ ಪ್ರಶ್ನೆ, ಸಂಶೋಧಕರಿಗೂ ಇದೇ ತಲೆನೋವಾಗಿತ್ತು. ಸಕ್ಕರೆ ಗುಳಿಗೆ ಮಾಡುವುದು ಸುಲಭ, ನೆತ್ತಿಯ ಮೇಲೆ ಬಡಿಯುವ ಯಂತ್ರದ ನಕಲಿ ಮಾಡುವುದು ಹೇಗೆ? 2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ನಕಲಿ ಕಾಯಿಲ್‌ನಿಂದ ಕಾಂತ ಹೊರಬರದಂತೆ ತಡೆದು, ನೆತ್ತಿಗೆ ಎಲೆಕ್ಟ್ರೋಡ್ ಅಂಟಿಸಿ ಅದೇ ಚುಚ್ಚುವ ಅನುಭವ ಕೊಟ್ಟರು. 190 ಜನ ಇದ್ದರು. ನಿಜವಾದದ್ದು ಪಡೆದವರಲ್ಲಿ ನೂರಕ್ಕೆ 14 ಜನ, ನಕಲಿಯಲ್ಲಿ 5 ಜನ ಪೂರ್ತಿ ಹೊರಬಂದರು. ಮೂರೇ ವಾರದ ಚಿಕಿತ್ಸೆ, ಸಂಖ್ಯೆ ಸಣ್ಣದೇ. ಆದರೂ ಆ ಅಂತರವನ್ನು ಭ್ರಮೆಯ ಲೆಕ್ಕಕ್ಕೆ ಹಾಕಲಾಗುವುದಿಲ್ಲ.

ಮಾತ್ರೆ ನಿಲ್ಲಿಸಬಹುದಾ?

ನೀವಾಗಿ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ನಡೆಯುವುದೇ ಹೆಚ್ಚು. 2024ರಲ್ಲಿ ಬಂದ ಒಂದು ಹೋಲಿಕೆಯಲ್ಲಿ, ಇರುವ ಮಾತ್ರೆಗೆ ಟಿಎಂಎಸ್ ಸೇರಿಸಿದವರು ಬೇರೆ ಮಾತ್ರೆಗೆ ಬದಲಾಯಿಸಿಕೊಂಡವರಿಗಿಂತ ಹೆಚ್ಚು ಸುಧಾರಿಸಿದರು. ನಿದ್ದೆಗೋ ಗಾಬರಿಗೋ ಲೊರಾಜೆಪಾಮ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ನೆನಪಿಸಿ. ಆ ಗುಂಪಿನ ಮಾತ್ರೆ ಇದ್ದವರಿಗೆ ಫಲ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಅದನ್ನೂ ದಿಢೀರ್ ಬಿಡಬಾರದು, ಬಿಟ್ಟರೆ ಫಿಟ್ಸ್ ಅಪಾಯ.

ವಾಸಿಯಾದ ಮೇಲೆ ಮತ್ತೆ ಬರುತ್ತಾ?

ಬರಬಹುದು. ಡಿಪ್ರೆಶನ್ ಮರಳುವ ಕಾಯಿಲೆ. ಒಂದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಟಿಎಂಎಸ್‌ನಿಂದ ಸುಧಾರಿಸಿದವರ ಪೈಕಿ ನೂರಕ್ಕೆ 60ಕ್ಕಿಂತ ಸ್ವಲ್ಪ ಹೆಚ್ಚು ಜನ ವರ್ಷದ ಕೊನೆಗೂ ಚೆನ್ನಾಗಿದ್ದರು. ಅವರಲ್ಲಿ ಕೆಲವರಿಗೆ ನಡುವೆ ಮತ್ತೆ ಸಿಟ್ಟಿಂಗ್ ಬೇಕಾಗಿತ್ತು. ಒಮ್ಮೆ ಫಲ ಕೊಟ್ಟವರಿಗೆ ಎರಡನೇ ಸಲವೂ ಕೊಡುವ ಸಾಧ್ಯತೆ ಚೆನ್ನಾಗಿದೆ.

## ಓದಿಕೊಂಡು ಬಂದವರು ಕೇಳುವವು

ಎಡಗಡೆ ಹಣೆಯ ಮೇಲೆ ಯಾಕೆ? ದುಃಖದ ಜಾಗ ಅಲ್ಲಿದೆಯಾ?

ದುಃಖಕ್ಕೆ ಅಂತ ಒಂದೇ ಜಾಗ ಇಲ್ಲ. ಎಡ ಡಿಎಲ್‌ಪಿಎಫ್‌ಸಿ ಎನ್ನುವ ಆ ಭಾಗ ಯೋಜನೆ ಹಾಕಲು, ಗಮನ ತಿರುಗಿಸಲು, ಭಾವನೆಗೆ ಕಡಿವಾಣ ಹಾಕಲು ಬೇಕು. ಡಿಪ್ರೆಶನ್‌ನಲ್ಲಿ ಅದು ಮಂಕಾಗಿರುವುದು ಸ್ಕ್ಯಾನ್‌ಗಳಲ್ಲಿ ಕಂಡಿತ್ತು. ಮೆದುಳಿನ ಆಳದಲ್ಲಿ ಸಬ್‌ಜೀನುಯಲ್ ಎಂಬ ಇನ್ನೊಂದು ಜಾಗ ಇದೆ, ಡಿಪ್ರೆಶನ್‌ನಲ್ಲಿ ಅದು ಅತಿಯಾಗಿ ಕೆಲಸ ಮಾಡುತ್ತಿರುತ್ತದೆ. ಕಾಯಿಲ್‌ಗೆ ಅಷ್ಟು ಆಳ ಎಟುಕುವುದಿಲ್ಲ. ಆದರೆ ಎರಡಕ್ಕೂ ಸಂಪರ್ಕ ಇದೆ, ತಕ್ಕಡಿಯ ತಟ್ಟೆಗಳ ಹಾಗೆ: ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಮೇಲಿನದನ್ನು ತಟ್ಟಿ ಕೆಳಗಿನದನ್ನು ತಣಿಸುವುದು ಎಂಬುದು ಈಗಿನ ವಿವರಣೆ. ಬಲಗಡೆಗೆ ಸೆಕೆಂಡಿಗೆ ಒಂದರಂತೆ ನಿಧಾನ ಮಿಡಿತ ಕೊಡುವ ಕ್ರಮವೂ ಇದೆ, ಅದರ ಉದ್ದೇಶ ಚುರುಕು ತಗ್ಗಿಸುವುದು.

ಮೂರೇ ನಿಮಿಷದ್ದು ಇದೆಯಂತೆ. ದುಡ್ಡು ಪೂರ್ತಿ ತಗೊಂಡು ಕೆಲಸ ಅರ್ಧ ಮಾಡ್ತಾರಾ?

ಅದು ಥೀಟಾ ಬರ್ಸ್ಟ್. ಮೂರು ಮೂರು ಮಿಡಿತದ ಗೊಂಚಲು, ಸೆಕೆಂಡಿಗೆ ಐದು ಗೊಂಚಲು, 600 ಮಿಡಿತ, 3 ನಿಮಿಷ ಚಿಲ್ಲರೆ. ಮೋಸ ಅಲ್ಲ. 2018ರಲ್ಲಿ ಕೆನಡಾದ 414 ಜನರ ಮೇಲೆ ಇದನ್ನು ಮೂವತ್ತೇಳೂವರೆ ನಿಮಿಷದ ಕ್ರಮದ ಜೊತೆ ಹೋಲಿಸಿದರು. ಸುಧಾರಿಸಿದವರು ಥೀಟಾ ಬರ್ಸ್ಟ್‌ನಲ್ಲಿ ನೂರಕ್ಕೆ 49, ಹಳೆಯ ಕ್ರಮದಲ್ಲಿ 47. ಕಡಿಮೆ ಹೊತ್ತಿನದು ಕಡಿಮೆಯದಲ್ಲ ಎಂದಾಯಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಐದೇ ದಿನಕ್ಕೆ ವಾಸಿ ಮಾಡ್ತಾರಂತೆ?

ದಿನಕ್ಕೆ 10 ಸಿಟ್ಟಿಂಗ್, ನಡುವೆ 50 ನಿಮಿಷ ಬಿಡುವು, 5 ದಿನ. ಜಾಗವನ್ನು ಎಂಆರ್‌ಐ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತಿಸುತ್ತಾರೆ. ನಕಲಿ ಜೊತೆ ಹೋಲಿಸಿದ ಪ್ರಯೋಗದಲ್ಲಿ ನೂರಕ್ಕೆ 79 ಜನ ಪೂರ್ತಿ ಹೊರಬಂದರು, ನಕಲಿಯಲ್ಲಿ 13. ಬಾಯಿ ತೆರೆಸುವ ಸಂಖ್ಯೆ. ಆದರೆ ಆ ಪ್ರಯೋಗದಲ್ಲಿ ಇದ್ದವರು ಒಟ್ಟು 29 ಜನ ಎಂಬುದನ್ನು ಯಾರೂ ಜೊತೆಗೆ ಹೇಳುವುದಿಲ್ಲ. ಎಫ್‌ಡಿಎ 2022ರಲ್ಲಿ ಒಪ್ಪಿದೆ. ನನಗೂ ಕುತೂಹಲ ಇದೆ, ದೊಡ್ಡ ಪ್ರಯೋಗಗಳಲ್ಲಿ ಇದೇ ನಿಂತರೆ ಮಾತ್ರ ನಂಬುತ್ತೇನೆ.

ಹಾಗಾದ್ರೆ ನಾನೂ ಎಂಆರ್‌ಐ ಮಾಡಿಸಿ ಜಾಗ ಹುಡುಕಿಸ್ಲಾ?

ಅದಿಲ್ಲದೆ ಮಾಡಿದ್ದು ಕಳಪೆ ಎಂದು ತಿಳಿಯಬೇಡಿ. ಬ್ರಿಟನ್ನಿನಲ್ಲಿ 255 ಜನರಲ್ಲಿ, ಮೆದುಳಿನ ಸಂಪರ್ಕ ನೋಡಿ ಗುರುತಿಸಿದ ಥೀಟಾ ಬರ್ಸ್ಟನ್ನು, ಮೆದುಳಿನ ರಚನೆಯ ಎಂಆರ್‌ಐ ಮಾತ್ರ ನೋಡಿ ಜಾಗ ಗುರುತಿಸಿದ ಮಾಮೂಲಿ ಕ್ರಮದ ಜೊತೆ ಹೋಲಿಸಿದರು, 2024ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪು ಸುಧಾರಿಸಿದವು, ಒಂದಕ್ಕಿಂತ ಒಂದು ಮೇಲಾಗಲಿಲ್ಲ. ಎಂಆರ್‌ಐ ಇಲ್ಲದೆ ಮಾಡುವುದನ್ನು ಅದರಲ್ಲಿ ಹೋಲಿಸಿರಲಿಲ್ಲ. ನಾವು ಟೇಪು ಹಿಡಿದು ತಲೆ ಅಳೆದು ಜಾಗ ಗುರುತಿಸುವುದನ್ನು ನೋಡಿ ‘ದರ್ಜಿ ಅಂಗಡಿ ತರ ಇದೆ’ ಎಂದು ನಗುತ್ತಾರೆ. ನಗಲಿ, ಅಳತೆ ಸರಿಯಾಗಿದ್ದರೆ ಟೇಪೂ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಅಮ್ಮ ನಾಲ್ಕು ದಿನದಿಂದ ಊಟ ಬಿಟ್ಟಿದ್ದಾರೆ. ಇಸಿಟಿ ಅಂದ್ರು ಡಾಕ್ಟರು, ನಮಗೆ ಭಯ. ಟಿಎಂಎಸ್ ಕೊಡಿಸಬಹುದಾ?

ಇಲ್ಲಿ ನಾನು ಟಿಎಂಎಸ್ ಪರ ಮಾತಾಡುವುದಿಲ್ಲ. ಊಟ ನೀರು ಬಿಟ್ಟಿದ್ದರೆ, ಮಾತು ನಿಂತು ಕಲ್ಲಿನ ಹಾಗೆ ಕೂತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಸಾಯುವ ಯೋಚನೆ ಗಟ್ಟಿಯಾಗಿದ್ದರೆ ಇಸಿಟಿಯೇ ಬಲವಾದ ಚಿಕಿತ್ಸೆ, ಬೇಗ ಕೆಲಸ ಮಾಡುವುದೂ ಅದೇ. ಟಿಎಂಎಸ್‌ಗೆ ವಾರಗಳು ಬೇಕು, ಅಷ್ಟು ದಿನ ಅವರ ಹತ್ತಿರ ಇಲ್ಲದಿರಬಹುದು. ಇಸಿಟಿ ಆದ ಮೇಲೆ ಕೆಲವು ನೆನಪು ಮಸುಕಾಗಬಹುದು, ಆ ಭಯ ಸುಳ್ಳಲ್ಲ, ಅದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ಆದರೆ ಇವತ್ತೇ ಕೇಳಿ. ಕುರ್ಚಿಯಲ್ಲಿ ಕೂತವರು ಯಾರಾದರೂ ‘ಬದುಕೋದು ಬೇಡ ಅನಿಸ್ತಿದೆ’ ಎಂದರೆ ನಾನು ಯಂತ್ರ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತೇನೆ.